ಅಜ್ಜಿಯ ಅರ್ಜಿ ಪುಸ್ತಕ

ನಮ್ಮ ಅಜ್ಜಿ 2024ರ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಹನ್ನೊಂದರ ಕಾರ್ಯಕ್ಕೆ ಮೊದಲೇ ಅಪ್ಪ ಹೋಗಿ ಸಾವು ನೋಂದಣಿ ಮಾಡಿಸಿದರು. ಫಾರಂ ತುಂಬುವಾಗ ಮೃತರ ಉದ್ಯೋಗ ಅಂತ ಒಂದು ಕಾಲಂ ಬಂತು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ‘ಮನೆಗೆಲಸ’ ಎಂದು ಬರೆದರು. ಅಲ್ಲಿ ಬೇರೆ ಏನು ಬರೆಯೋಕಾಗುತ್ತೆ? ಬೀದಿಗೆ ನಲ್ಲಿ ತರಿಸಿದ್ದು, ಗಂಡ ಸತ್ತ ಹೆಂಗಸರಿಗೆ ವೇತನದ ಕಾಗದ ಮಾಡಿಸಿಕೊಟ್ಟಿದ್ದು, ಸಾರಾಯಿ ಅಂಗಡಿ ಎತ್ತಿಸಿ ಎಂದು ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಹತ್ತಿದ್ದು, ಇದಕ್ಕೆಲ್ಲ ಯಾವ ಫಾರಂನಲ್ಲೂ ಕಾಲಂ ಇಲ್ಲ.

ವರ್ಷದ ತಿಥಿಯ ಹೊತ್ತಿಗೆ ಒಂದು ಸಣ್ಣ ಪುಸ್ತಕ ಮಾಡಿ ಬಂದವರಿಗೆಲ್ಲ ಕೊಡೋಣ ಎಂದು ಮನೆಯವರು ಮಾತಾಡಿಕೊಂಡೆವು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದು ಹೇಗೆ ನಡೆಯಿತು ಎಂದು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಇದ್ದರೆ, ಇದ್ದು ಹೋಗಿದ್ದರೆ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲ ಸಾಲಿನಲ್ಲೇ ತೊಡಕು. ಅಜ್ಜಿ ಹುಟ್ಟಿದ್ದು ಯಾವಾಗ? ಆಧಾರ್ ಕಾರ್ಡಿನಲ್ಲಿ 01-01-1930 ಅಂತಿತ್ತು. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ ಒಂದೇ ಹುಟ್ಟುಹಬ್ಬ ಅಲ್ವಾ. ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ 1931 ಎಂದಿತ್ತು. ಅದು ಮೇಷ್ಟ್ರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಅಂದಾಜಿನಲ್ಲಿ ಬರೆದಿದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗುವಿನ ತಾರೀಖನ್ನು ಕಾಗದದಲ್ಲಿ ಹುಡುಕಿ ಪ್ರಯೋಜನವಿಲ್ಲ.

ದಾರಿ ತೋರಿಸಿದವರು ಚಿಕ್ಕಜ್ಜಿ, ಅಂದರೆ ಅಜ್ಜಿಯ ತಂಗಿ. ಈಗಲೂ ಸಖರಾಯಪಟ್ಟಣದ ಕಡೆ ಮಗನ ಜೊತೆ ಇದ್ದಾರೆ. ಕಣ್ಣು ಮಂಜು, ನೆನಪು ಚುರುಕು. “ಅಕ್ಕ ಹುಟ್ಟಿದ್ದು ಶ್ರೀಮುಖ ಸಂವತ್ಸರದ ಶ್ರಾವಣ. ನಾಗರಪಂಚಮಿಯ ಮಾರನೇ ದಿನ. ಅವ್ವ ಹೇಳ್ತಾನೇ ಇದ್ಲು” ಎಂದರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶ್ರೀಮುಖ ಬಂದಿದ್ದು 1933ರಲ್ಲಿ, ಆಮೇಲೆ 1993ರಲ್ಲಿ. ಇದನ್ನು ಕೇಳಿದ ತಕ್ಷಣ ಅಪ್ಪನಿಗೆ ನೆನಪಾಯಿತು. ಲಾತೂರಿನಲ್ಲಿ ಭೂಕಂಪವಾದ ವರ್ಷ ಅಜ್ಜಿ ಬೀದಿಯ ಮನೆಮನೆಗೂ ಹೋಗಿ ಕಂಬಳಿ, ಬಟ್ಟೆ ಎತ್ತಿದ್ದರು. ಆಗ “ನಾನು ಹುಟ್ಟಿದ ಸಂವತ್ಸರ ತಿರುಗಿ ಬಂದಿದೆ, ನನಗೇನೂ ಮಾಡಬೇಡಿ, ಒಂದು ಕಂಬಳಿ ಜಾಸ್ತಿ ಕೊಡಿ” ಎಂದಿದ್ದರಂತೆ. ಲಾತೂರ್ ಭೂಕಂಪ 1993ರ ಸೆಪ್ಟೆಂಬರ್ 30ರದ್ದು. ಲೆಕ್ಕ ಕೂಡಿತು. 1933ರ ಜುಲೈ ಕೊನೆಯ ವಾರ ಎಂದು ಪುಸ್ತಕದಲ್ಲಿ ಧೈರ್ಯವಾಗಿ ಬರೆದೆ. ಮದುವೆಯ ವರ್ಷ ಸಿಕ್ಕಿದ್ದೂ ಹೀಗೆಯೇ. ಲಗ್ನಪತ್ರಿಕೆಯಲ್ಲಿ ‘ವಿಕೃತಿ ನಾಮ ಸಂವತ್ಸರದ ವೈಶಾಖ’ ಎಂದಿತ್ತು. ಅದು 1950. ಅಜ್ಜಿಗೆ ಆಗ ಇನ್ನೂ ಹದಿನೇಳು ತುಂಬಿರಲಿಲ್ಲ.

ಆದ್ದರಿಂದ ನಾನು ಹೇಳುವ ಮೊದಲ ಮಾತು ಇದು. ಹಿರಿಯರನ್ನು ತಾರೀಖು ಕೇಳಬೇಡಿ. ಸಂವತ್ಸರ ಕೇಳಿ, ಹಬ್ಬ ಕೇಳಿ, ಆ ವರ್ಷ ಮಳೆ ಹೇಗಿತ್ತು ಕೇಳಿ. ಉಳಿದಿದ್ದನ್ನು ಹಳೆಯ ಪಂಚಾಂಗ ಹೇಳುತ್ತದೆ.

ತಾತ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಮಾಸ್ತರಾಗಿದ್ದರು. ಕಾಫಿ ಬೀಜದ ಸಿಪ್ಪೆ ಬಿಡಿಸಿ ಹದ ಮಾಡುವ ಕಾರ್ಖಾನೆ ಅದು. ಅಜ್ಜಿ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯ ನೀರು ಕುಡಿದು ಬೆಳೆದವರು. ಆ ಕೆರೆ ಕೆಳಗಿನ ಗದ್ದೆಗಳಿಗೆ ಯಾರಿಗೆ ಎಷ್ಟು ಹೊತ್ತು ನೀರು ಎಂದು ನೀರುಗಂಟಿ ಬಿಡುತ್ತಿದ್ದ. ಒಬ್ಬರ ಸರದಿಯನ್ನು ಇನ್ನೊಬ್ಬರು ತಿನ್ನುವ ಹಾಗಿರಲಿಲ್ಲ. ಪೇಟೆಗೆ ಬಂದ ಮೇಲೆ ಬೀದಿಯಲ್ಲಿ ಬಾವಿ ಹತ್ತಿರ ಗಲಾಟೆ ಆದಾಗಲೆಲ್ಲ ಅಜ್ಜಿ “ನಮ್ಮೂರಲ್ಲಾದರೆ ನೀರುಗಂಟಿ ಇದ್ದ, ಇಲ್ಲಿ ಯಾರೂ ಇಲ್ವಾ?” ಎಂದು ಕೇಳುತ್ತಿದ್ದರಂತೆ. ಸಖರಾಯಪಟ್ಟಣದ ರುಕ್ಮಾಂಗದ ರಾಜ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು ಎಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಜ್ಜಿ ಇದನ್ನು ಕಚೇರಿಯಲ್ಲೂ ಹೇಳುತ್ತಿದ್ದರು. “ಇದು ನನ್ನ ತವರಿನವರು ಕೊಟ್ಟ ಊರು ಸ್ವಾಮಿ, ಕೇಳೋ ಹಕ್ಕಿದೆ” ಅಂತ.

ಇನ್ನು ಟ್ರಂಕಿನ ವಿಷಯ. ಅಟ್ಟದ ಮೇಲೆ ಇದ್ದ ಕಬ್ಬಿಣದ ಟ್ರಂಕಿನಲ್ಲಿ ಅಜ್ಜಿಯ ರೇಷ್ಮೆ ಸೀರೆ ಇರಬಹುದು ಎಂದು ಚಿಕ್ಕತ್ತೆ ಅಂದುಕೊಂಡಿದ್ದರು. ಇದ್ದಿದ್ದು ಕಾಗದ. ಕಾರ್ಬನ್ ಇಟ್ಟು ಬರೆದ ಅರ್ಜಿಗಳ ಎರಡನೇ ಪ್ರತಿಗಳು. ತೆಳ್ಳನೆ ಕಾಗದ, ನೀಲಿ ಅಕ್ಷರ. ಕೆಲವದರ ಮೂಲೆಯಲ್ಲಿ ಕಚೇರಿಯ ಗುಂಡಗಿನ ಮೊಹರು, ತಾರೀಖು, ತೆಗೆದುಕೊಂಡವರ ಸಣ್ಣ ಸಹಿ. ಮೊಹರು ಹಾಕಿಸಿಕೊಳ್ಳದೆ ಅಜ್ಜಿ ಯಾವ ಕಚೇರಿಯಿಂದಲೂ ಎದ್ದು ಬರುತ್ತಿರಲಿಲ್ಲ.

ನಮ್ಮೂರ ಮಳೆಗಾಲ ನಿಮಗೆ ಗೊತ್ತಲ್ಲ. ಜೂನ್‌ನಿಂದ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಗುಂಡುಸೂಜಿಗಳು ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿದ್ದವು. ಅವನ್ನು ಎಳೆದರೆ ಕಾಗದವೇ ಹರಿಯುತ್ತದೆ. ಸೂಜಿಗೆ ಅಂಟಿದ ಕಾಗದವನ್ನು ಮೆಲ್ಲಗೆ ಬಿಡಿಸಿ, ಸೂಜಿಯನ್ನು ನಿಧಾನವಾಗಿ ಜಾರಿಸಬೇಕು. ಬಿಸಿಲು ನೇರವಾಗಿ ಬೀಳದ ಕಡೆ ಒಂದೊಂದೇ ಹಾಳೆ ಹರಡಿ, ಮೆತ್ತನೆ ಬ್ರಷ್‌ನಿಂದ ಒರೆಸಿದೆವು. ಲ್ಯಾಮಿನೇಷನ್ ಮಾಡಿಸೋಣ ಎಂದು ಚಿಕ್ಕಪ್ಪ ಹೇಳಿದರು. ಬೇಡ ಎಂದೆ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿಸಿದರೆ ಮತ್ತೆ ಬಿಡಿಸೋಕೆ ಬರಲ್ಲ. ಹಾಳೆಗಳನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮೊಬೈಲ್‌ನಲ್ಲಿ ಚಿತ್ರ ತೆಗೆದು, ಹಿಂದೆ ಮೆಲ್ಲಗೆ ಪೆನ್ಸಿಲ್‌ನಲ್ಲಿ ನಂಬರು ಹಾಕಿ, ಬಿಳಿ ಕಾಗದದ ಕವರ್‌ಗಳಲ್ಲಿ ಇಟ್ಟೆವು.

ಟ್ರಂಕಿನ ತಳದಲ್ಲಿ ಒಂದು ಉದ್ದನೆ ಲೆಕ್ಕದ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು. ತಾತ ಆಫೀಸಿನ ಪಕ್ಕದ ಅಂಗಡಿಯಿಂದ ತಂದುಕೊಟ್ಟಿದ್ದಂತೆ. ಜಮಾ, ಖರ್ಚು ಬರೆಯುವ ಜಾಗದಲ್ಲಿ ಅಜ್ಜಿ ಅರ್ಜಿಗಳ ಲೆಕ್ಕ ಇಟ್ಟಿದ್ದರು. ನಂಬರು, ತಾರೀಖು, ಯಾರಿಗೆ ಕೊಟ್ಟಿದ್ದು, ಏನು ವಿಷಯ. ಕೊನೆಯ ಕಾಲಂನಲ್ಲಿ ಮೂರೇ ಬಗೆಯ ಮಾತು: ‘ಆಯ್ತು’, ‘ಆಗಲಿಲ್ಲ’, ‘ಮತ್ತೆ ಕೇಳಬೇಕು’. ಮೊದಲನೆಯದು 1962ರದ್ದು. ಕೊನೆಯ ನಂಬರು 212. ನಾನು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಕೂತವಳು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ.

ಒಂದು ಅರ್ಜಿಯನ್ನು ಇಲ್ಲಿ ಹಾಗೇ ಕೊಡುತ್ತೇನೆ. ವಿಷಯ, ಬೀದಿ ನಲ್ಲಿಯ ಸಮಯ.

“ಮಾನ್ಯರೇ, ನಮ್ಮ ಬೀದಿಯ ನಲ್ಲಿಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ನೀರು ಬಿಡುತ್ತಿದ್ದೀರಿ. ನೀರು ಹಿಡಿಯಲು ಏಳುವವರು ಹೆಣ್ಣುಮಕ್ಕಳು. ಅವರು ಶಾಲೆಯಲ್ಲಿ ತೂಕಡಿಸುತ್ತಾರೆಂದು ಉಪಾಧ್ಯಾಯಿನಿಯವರು ಹೇಳುತ್ತಿದ್ದಾರೆ. ಗಂಡುಮಕ್ಕಳು ತೂಕಡಿಸುತ್ತಿಲ್ಲ. ದಯಮಾಡಿ ಆರು ಗಂಟೆಗೆ ಬಿಡಿಸಬೇಕಾಗಿ ಕೋರುತ್ತೇವೆ.”

ಕೆಳಗೆ ಹನ್ನೊಂದು ಸಹಿ, ಆರು ಹೆಬ್ಬೆಟ್ಟು. ಲೆಕ್ಕದ ಪುಸ್ತಕದಲ್ಲಿ ಮೊದಲು ‘ಮತ್ತೆ ಕೇಳಬೇಕು’ ಎಂದು ಎರಡು ಸಲ, ಆಮೇಲೆ ‘ಆಯ್ತು. ಐದೂವರೆಗೆ’ ಎಂದು. ಆಗ ಊರಿಗೆ ನೀರು ಹಿರೇಕೊಳಲೆ ಕೆರೆಯಿಂದ ಬರುತ್ತಿತ್ತು. ಈಗ ಯಗಚಿ ನೀರೂ ಇದೆ, ಮನೆಮನೆಗೂ ನಲ್ಲಿ ಇದೆ. ಆ ಬೀದಿ ನಲ್ಲಿಯ ಕಟ್ಟೆ ಈಗ ಕಾಣುವುದಿಲ್ಲ, ಅದರ ಮೇಲೆ ಟಾರು ಬಂದಿದೆ.

ಇನ್ನೊಂದು ಅರ್ಜಿ ಗ್ರಂಥಾಲಯದ್ದು. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತಾರೆ. ಈಗ ಅದು ನೂರಕ್ಕೆ ಆರು ರೂಪಾಯಿ. ಕಂದಾಯದ ರಸೀದಿಯನ್ನು ನಾವೆಲ್ಲ ಮೊತ್ತ ನೋಡಿ ಮಡಿಚಿ ಇಡುತ್ತೇವೆ. ಅಜ್ಜಿ ಒಂದೊಂದೇ ಸಾಲು ಓದಿದ್ದಾರೆ. “ನಾವು ಕರ ಕೊಡುತ್ತಿದ್ದೇವೆ, ಪುಸ್ತಕ ಎಲ್ಲಿ?” ಎಂದು ಕೇಳಿದ್ದಾರೆ. ಫಲ: ‘ಆಗಲಿಲ್ಲ’. ಕೊನೆಗೆ ಮಹಿಳಾ ಮಂಡಳಿಯ ಕೋಣೆಯಲ್ಲೇ ಒಂದು ಬೆಂಚು ಹಾಕಿ, ಓದಿ ಮುಗಿಸಿದ ವಾರಪತ್ರಿಕೆಗಳನ್ನು ಮನೆಮನೆಯಿಂದ ತಂದು ಇಟ್ಟರಂತೆ. ಸಾರಾಯಿ ಅಂಗಡಿಯ ಬಗ್ಗೆ ಇರುವ ಅರ್ಜಿಗಳೇ ಪುಸ್ತಕದಲ್ಲಿ ಜಾಸ್ತಿ. ಎಲ್ಲದರ ಮುಂದೆ ‘ಮತ್ತೆ ಕೇಳಬೇಕು’. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಆ ಸಾಲುಗಳ ಪಕ್ಕ ಒಂದು ದೊಡ್ಡ ಆವರಣ ಎಳೆದು ‘ಆಯ್ತು’ ಎಂದು ಒಂದೇ ಸಲ ಬರೆದಿದ್ದಾರೆ. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ. ಅಕ್ಷರ ನಡುಗಿದೆ.

ಕಚೇರಿಯ ಕಡೆಯಿಂದಲೂ ಒಂದು ಸಾಕ್ಷಿ ಸಿಕ್ಕರೆ ಚೆನ್ನ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಇಂಥವರ ಬಗ್ಗೆ ಏನಿದೆ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಇಂಥ ವರ್ಷ, ಇಂಥ ತಿಂಗಳ ಸಭೆಯ ನಡಾವಳಿಯ ಪ್ರತಿ ಕೊಡಿ ಎಂದು ಕೇಳಬೇಕು. ತಾರೀಖು ಹೇಗೂ ಅಜ್ಜಿಯ ಪುಸ್ತಕದಲ್ಲಿ ಇತ್ತಲ್ಲ. ಪುಟಕ್ಕೆ ಎರಡು ರೂಪಾಯಿ ಕಟ್ಟಿದ ಮೇಲೆ ಪ್ರತಿ ಬಂತು. ಅದರಲ್ಲಿ ಹೀಗಿತ್ತು: “ಸದರಿ ಬಡಾವಣೆಯ ಮಹಿಳೆಯರಿಂದ ಬಂದ ಮನವಿಯನ್ನು ಓದಲಾಯಿತು. ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.”

ತಾರೀಖು ಸರಿಯಾಗಿತ್ತು, ವಿಷಯವೂ ಸರಿಯಾಗಿತ್ತು. ಯಾರ ಹೆಸರೂ ಇರಲಿಲ್ಲ. ಹಳೆಯ ಮತದಾರರ ಪಟ್ಟಿಯಲ್ಲಿ ಅಜ್ಜಿ ಇದ್ದಾರೆ, ತಾತನ ಹೆಂಡತಿಯಾಗಿ. ರೇಷನ್ ಕಾರ್ಡಿನಲ್ಲಿ ಇದ್ದಾರೆ, ಎರಡನೇ ಸಾಲಿನಲ್ಲಿ. ಮನೆಯ ಪತ್ರದಲ್ಲಿ ಇಲ್ಲವೇ ಇಲ್ಲ. ಐವತ್ತು ವರ್ಷ ಊರಿಗಾಗಿ ಓಡಾಡಿದ ಹೆಂಗಸಿನ ಗುರುತು ಊರಿನ ಕಡತದಲ್ಲಿ ಉಳಿದಿದ್ದು ‘ಮಹಿಳೆಯರಿಂದ’ ಎಂಬ ಒಂದು ಪದ. ಇದು ನನಗೆ ಬಹಳ ನೋವಾಯಿತು. ಆ ಟ್ರಂಕು ಗುಜರಿಗೆ ಹೋಗಿದ್ದರೆ ಇದನ್ನು ಯಾರೂ ತಿಳಿಯುತ್ತಿರಲಿಲ್ಲ.

ಕಾಗದದಲ್ಲಿ ಇಲ್ಲದ್ದನ್ನು ಜನರ ಬಾಯಿಂದ ಕೇಳಬೇಕಾಯಿತು. ಮೊದಮೊದಲು “ಅಜ್ಜಿ ಬಗ್ಗೆ ಹೇಳಿ” ಎಂದರೆ ಎಲ್ಲರೂ “ದೇವರಂಥವರು” ಎಂದು ಕೈ ಮುಗಿಯುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಜಾಗ ಹಿಡಿದು ಕೇಳೋಕೆ ಶುರು ಮಾಡಿದೆ. ನಲ್ಲಿ ಎಲ್ಲಿತ್ತು? ಸಾಲಿನಲ್ಲಿ ಯಾರು ಮೊದಲು ನಿಲ್ಲುತ್ತಿದ್ದರು? ಸೀಮೆಎಣ್ಣೆ ಯಾವ ದಿನ ಬರುತ್ತಿತ್ತು? ಆಗ ಮಾತು ತಾನಾಗಿ ಬಂತು.

ತಾತನ ಜೊತೆ ಅದೇ ವರ್ಕ್ಸ್‌ನಲ್ಲಿ ಬೀಜ ಆರಿಸುತ್ತಿದ್ದ ಒಬ್ಬರು ಸಿಕ್ಕರು. ಎಂಬತ್ತು ದಾಟಿದ್ದಾರೆ. ಆಗೆಲ್ಲ ಸಿಪ್ಪೆ ಬಿಡಿಸಿ ಜರಡಿ ಹಿಡಿದ ಕಾಫಿ ಬೀಜವನ್ನು ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಕೈಯಲ್ಲಿ ಆರಿಸುತ್ತಿದ್ದರು. ಕಪ್ಪಾದದ್ದು, ಒಡೆದದ್ದು, ಹುಳ ಹಿಡಿದದ್ದು ಬೇರೆ ತೆಗೆಯಬೇಕು. ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದಿದೆ. ಮಾತಾಡುತ್ತಾ ಮಾತಾಡುತ್ತಾ ಅವರ ಬೆರಳು ಸೆರಗಿನ ಮೇಲೆ ಬೀಜ ಸರಿಸುವ ಹಾಗೇ ಆಡುತ್ತಿತ್ತು. ಹೆಬ್ಬೆರಳಿನಿಂದ ಒಳ್ಳೆಯದು ಈ ಕಡೆ, ಕಿರುಬೆರಳಿನಿಂದ ಕೆಟ್ಟದ್ದು ಆ ಕಡೆ.

“ನಮ್ಮೆಜಮಾನ್ರು ಹೋದಾಗ ಎರಡು ಮಕ್ಕಳು ಕೈಯಲ್ಲಿ” ಎಂದರು. “ಎಲ್ರೂ ಬಂದು ಅತ್ರು. ನಿಮ್ಮಜ್ಜಿನೂ ಅತ್ರು. ಅತ್ತು ಕಣ್ಣೊರೆಸ್ಕೊಂಡು, ‘ಸಾವು ಬರೆಸಿದ್ರಾ?’ ಅಂದ್ರು. ನಂಗೆ ಸಿಟ್ಟು ಬಂತು. ಈಗ ಕೇಳೋ ಮಾತಾ ಇದು ಅಂತ.”

ಅದನ್ನು ನಮ್ಮೂರಲ್ಲಿ ಬಹಳ ಜನ ನೆನಪಿಟ್ಟಿದ್ದಾರೆ. ಯಾರ ಮನೆಯಲ್ಲಿ ಸಾವಾದರೂ ಅಜ್ಜಿ ಹೋಗಿ ಇದೇ ಮಾತು ಕೇಳುತ್ತಿದ್ದರು. ಸಾವನ್ನು ಇಪ್ಪತ್ತೊಂದು ದಿನದೊಳಗೆ ಬರೆಸಬೇಕು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತಿತ್ತು. ಕೂಲಿ ಮಾಡುವ ಹೆಂಗಸು ಅದಕ್ಕೆಲ್ಲ ಓಡಾಡಲಾರಳು. ಮರಣ ಪತ್ರ ಇಲ್ಲದಿದ್ದರೆ ವಿಧವಾ ವೇತನ ಇಲ್ಲ, ಗಂಡನ ಹೆಸರಲ್ಲಿದ್ದ ಮನೆ ಖಾತೆ ಬದಲಾಗುವುದಿಲ್ಲ, ಪಿ.ಎಫ್. ಹಣ ಕೈಗೆ ಬರುವುದಿಲ್ಲ. ಅಜ್ಜಿಗೆ ಇದು ಗೊತ್ತಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಗೊತ್ತಿಲ್ಲದ್ದನ್ನು ತಾತನನ್ನು ಕೇಳಿ, ಕಚೇರಿಯ ಜವಾನರನ್ನು ಕೇಳಿ ಕಲಿತಿದ್ದರು. ಆ ಹೆಂಗಸಿಗೆ ವೇತನ ಬಂತು. “ಮೊದಲ ದುಡ್ಡಲ್ಲಿ ನಿಮ್ಮಜ್ಜಿಗೆ ಒಂದು ಸೇರು ಸಕ್ಕರೆ ತಗೊಂಡು ಹೋದೆ. ವಾಪಸ್ ಕಳಿಸಿದ್ರು. ‘ಪಕ್ಕದ ಬೀದಿ ಅವಳಿಗೂ ಹೇಳು, ಅವಳ ಕಾಗದನೂ ಆಗಬೇಕು’ ಅಂದ್ರು” ಎಂದು ಹೇಳಿ ಸುಮ್ಮನಾದರು.

1978ರ ಚುನಾವಣೆಯ ವಿಷಯವನ್ನೂ ಎಲ್ಲರೂ ಎತ್ತುತ್ತಾರೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ನಿಂತಿದ್ದು, ಎದುರಿಗೆ ವೀರೇಂದ್ರ ಪಾಟೀಲರು, ದೇಶವೇ ನಮ್ಮೂರ ಕಡೆ ನೋಡಿದ್ದು, ಎಪ್ಪತ್ತು ಸಾವಿರಕ್ಕೂ ಜಾಸ್ತಿ ಮತದಿಂದ ಗೆದ್ದಿದ್ದು. ಅಜ್ಜಿ ಜನರ ನಡುವೆ ನುಗ್ಗಿ ಇಂದಿರಾ ಗಾಂಧಿಯ ಕೈಗೆ ಅರ್ಜಿ ಕೊಟ್ಟರು ಎಂದು ಚಿಕ್ಕಪ್ಪ ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಕೆಂಪು ಪುಸ್ತಕದಲ್ಲಿ ಆ ತಿಂಗಳು ಒಂದೇ ಒಂದು ನಮೂದು ಇದೆ, ಚರಂಡಿಯದ್ದು. ಬೀದಿ ದೀಪದ ಬಲ್ಬಿಗೂ ನಂಬರು ಹಾಕಿದವರು ಪ್ರಧಾನಿಯಾಗಿದ್ದವರಿಗೆ ಕೊಟ್ಟ ಅರ್ಜಿಯನ್ನು ಬರೆಯದೆ ಬಿಡುತ್ತಿದ್ದರೇ? ಪುಸ್ತಕದಲ್ಲಿ ಅದನ್ನು ‘ನಮ್ಮ ಮನೆಯಲ್ಲಿ ಹೇಳುವ ಮಾತು’ ಎಂದೇ ಹಾಕಿದೆ. ಚಿಕ್ಕಪ್ಪನಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಇಂಥ ಪುಸ್ತಕದಲ್ಲಿ ಒಂದು ಮಾತು ಸುಳ್ಳಾದರೆ ಉಳಿದ ಇನ್ನೂರು ಅರ್ಜಿಯನ್ನೂ ಜನ ನಂಬುವುದಿಲ್ಲ ಎಂದು ನನ್ನ ವಾದ.

ಚಿಕ್ಕಜ್ಜಿಯ ಹತ್ತಿರ ಅಜ್ಜಿ ಬರೆದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟೇ ಇತ್ತು. 1987ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲು. ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರನೇ ಒಂದು ಭಾಗ ಸಿಕ್ಕಿದ್ದು 1993ರಲ್ಲಿ. ನಾವು ಅದಕ್ಕಿಂತ ಮೊದಲು. ಆ ಚುನಾವಣೆಯಲ್ಲಿ ಚಿಕ್ಕಜ್ಜಿ ಸದಸ್ಯೆಯಾಗಿ ಗೆದ್ದರು. ಅಜ್ಜಿಯ ಪತ್ರ ಹೀಗಿದೆ:

“ಸಭೆಗೆ ನೀನೇ ಹೋಗು, ನಿಮ್ಮ ಯಜಮಾನರನ್ನು ಕಳಿಸಬೇಡ. ಕುರ್ಚಿ ಕೊಡದಿದ್ದರೆ ನಿಂತಿರು, ಆದರೆ ಬಾಗಿಲ ಹೊರಗೆ ನಿಲ್ಲಬೇಡ. ನಡಾವಳಿಯನ್ನು ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡ. ಬೋರ್‌ವೆಲ್ ಬಂದರೆ ಕೇರಿಯ ಹತ್ತಿರ ಮೊದಲು ಕೇಳು, ನಮ್ಮ ಮನೆಯ ಹತ್ತಿರ ಬೇಡ.”

ಆಗ ಪಂಚಾಯ್ತಿ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿ ನೀರ್‌ಸಾಬ್ ಎಂದೇ ಹೆಸರಾದವರು. ಚಿಕ್ಕಜ್ಜಿ ಅವರ ಹೆಸರು ಬಂದಾಗಲೆಲ್ಲ ಕೈ ಮುಗಿಯುತ್ತಾರೆ. ಕೇರಿಗೆ ಬೋರ್‌ವೆಲ್ ಬಂತಂತೆ. ಆ ಕೈಪಂಪು ಹಾಕಿಸಿದ ದಿನ ಅವರ ಮನೆಯಲ್ಲೇ ಯಾರೂ ಅವರ ಜೊತೆ ಮಾತಾಡಲಿಲ್ಲವಂತೆ.

ಈಗ ದೊಡ್ಡತ್ತೆಯ ವಿಷಯಕ್ಕೆ ಬರುತ್ತೇನೆ. ಇಡೀ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದು.

ಅರ್ಜಿಗಳನ್ನು ವರ್ಷದ ಪ್ರಕಾರ ಜೋಡಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೈಬರಹ ಎರಡು ಬಗೆ. ಲೆಕ್ಕದ ಪುಸ್ತಕದಲ್ಲಿ ಇರುವುದು ಅಜ್ಜಿಯ ಅಕ್ಷರ, ಸ್ವಲ್ಪ ಬಲಕ್ಕೆ ವಾಲಿದ್ದು, ತಲೆಕಟ್ಟು ಚೂಪು. ಆದರೆ 1965ರಿಂದ ಈಚೆಗೆ ಹತ್ತಿರ ಹತ್ತು ವರ್ಷದ ಅರ್ಜಿಗಳು ದುಂಡಗಿನ ಅಕ್ಷರದಲ್ಲಿವೆ. ಮುತ್ತು ಪೋಣಿಸಿದ ಹಾಗೆ. ಸಹಿ ಮಾತ್ರ ಅಜ್ಜಿಯದು. ತಾತನ ಅಕ್ಷರ ಅಲ್ಲ, ತಾತನದು ಗುಮಾಸ್ತರ ಅವಸರದ ಬರಹ. ಅಷ್ಟರಲ್ಲಿ ದೊಡ್ಡತ್ತೆ ಒಳಗಿನಿಂದ ಬಂದು ಹಾಳೆ ಎತ್ತಿಕೊಂಡು ನೋಡಿ, “ಇದು ನಂದು” ಎಂದರು.

ದೊಡ್ಡತ್ತೆ ಹುಟ್ಟಿದ್ದು 1952ರಲ್ಲಿ, ಮೊದಲ ಮಗಳು. ಮನೆಯಲ್ಲಿ ಅಜ್ಜಿಯ ಅತ್ತೆ, ಇಬ್ಬರು ಮೈದುನರು, ನಾಲ್ಕು ಮಕ್ಕಳು, ಒಟ್ಟು ಒಂಬತ್ತು ಜನ. ಅಜ್ಜಿ ಕಚೇರಿಗೆ ಹೊರಟರೆ ಒಲೆ ಮುಂದೆ ಕೂರುವವರು ಯಾರು? ಏಳನೇ ಕ್ಲಾಸು ಮುಗಿದ ಮೇಲೆ ದೊಡ್ಡತ್ತೆಯನ್ನು ಶಾಲೆ ಬಿಡಿಸಿದರು. “ಅಮ್ಮ ಹೇಳೋರು, ನಾನು ಬರೀತಿದ್ದೆ. ಅನ್ನ ಉಕ್ಕಿದ್ರೆ ಎದ್ದು ಹೋಗಿ ಬಂದು ಮತ್ತೆ ಬರೀತಿದ್ದೆ. ಆ ಹೆಣ್ಣುಮಕ್ಕಳು ತೂಕಡಿಸ್ತಾರೆ ಅಂತ ಇದೆಯಲ್ಲ, ಅದನ್ನ ಬರೆದವಳೂ ನಾನೇ. ನಾಲ್ಕು ಗಂಟೆಗೆ ಎದ್ದು ನೀರು ಹಿಡಿದವಳೂ ನಾನೇ. ಶಾಲೆ ಮಾತ್ರ ನನಗೆ ಇರಲಿಲ್ಲ ಕಣೇ.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದನ್ನು ಹೇಳಿದರು. ಆದರೆ ಅದು ಪುಸ್ತಕದಲ್ಲಿ ಬರಬೇಕೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. “ತಿಥಿ ದಿನ ಹಂಚೋ ಪುಸ್ತಕ. ಅಮ್ಮನ ಬಗ್ಗೆ ಒಳ್ಳೇದು ನಾಲ್ಕು ಮಾತು ಇದ್ದರೆ ಸಾಕು. ಅಕ್ಕನ ಓದು ನಿಂತಿದ್ದನ್ನ ಊರಿಗೆಲ್ಲ ಯಾಕೆ ಹೇಳಬೇಕು?” ಎಂದರು ಚಿಕ್ಕಪ್ಪ. ಅವರು ಹೇಳುವುದರಲ್ಲೂ ಅರ್ಥ ಇತ್ತು. ಸತ್ತವರು ಬಂದು ಉತ್ತರ ಕೊಡುವುದಿಲ್ಲ. ಅಪ್ಪ ಮಾತಾಡಲಿಲ್ಲ. ಅಪ್ಪನ ಬಿ.ಎ. ಮುಗಿದಿದ್ದು ಅದೇ ಒಲೆಯ ಅನ್ನ ತಿಂದು.

ನನಗೆ ಮಾತ್ರ ಅದನ್ನು ಬಿಟ್ಟು ಬರೆಯಲು ಮನಸ್ಸು ಒಪ್ಪಲಿಲ್ಲ. ಕಚೇರಿಯ ಕಡತದಲ್ಲಿ ಅಜ್ಜಿಯ ಹೆಸರಿಲ್ಲ ಎಂದು ನೊಂದುಕೊಂಡು, ಅಜ್ಜಿಯ ಪುಸ್ತಕದಲ್ಲಿ ದೊಡ್ಡತ್ತೆಯ ಹೆಸರು ಬಿಡುವುದು ಹೇಗೆ? ಅಜ್ಜಿ ಹೊರಗೆ ಮಾಡಿದ ಒಂದೊಂದು ಕೆಲಸದ ಹಿಂದೆಯೂ ಮನೆಯೊಳಗೆ ಯಾರೋ ಒಬ್ಬರು ಮಾಡಿದ ಕೆಲಸ ಇದೆ. ತಾತ ಪ್ರತಿ ತಿಂಗಳು ಕಾಗದ, ಕಾರ್ಬನ್, ಅಂಚೆ ಖರ್ಚಿಗೆ ಸಂಬಳದಲ್ಲಿ ತೆಗೆದಿಟ್ಟಿದ್ದೂ ಬರಬೇಕು. ಅಜ್ಜಿಯ ಅತ್ತೆ ಮೊದಲು ಬೈದು, ಆಮೇಲೆ ತಾವೇ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದೂ ಬರಬೇಕು. ಒಬ್ಬರ ಬದುಕು ಬರೆಯುತ್ತೇವೆ ಎಂದು ಹೊರಟರೆ ಮನೆಯವರ ಬದುಕನ್ನೂ ಬರೆಯಲೇಬೇಕು.

ಕೊನೆಗೆ ತೀರ್ಮಾನ ಮಾಡಿದವರು ದೊಡ್ಡತ್ತೆಯೇ. “ಬರಿ. ಬೈದು ಬರೀಬೇಡ, ಹೊಗಳಿನೂ ಬರೀಬೇಡ. ಇದ್ದದ್ದು ಇದ್ದ ಹಾಗೆ ಬರಿ. ಮುಂದೆ ಆಗಿದ್ದನ್ನೂ ಬರಿ” ಎಂದರು.

ಮುಂದೆ ಆಗಿದ್ದು ಇದು. ಶಾಲೆ ಅರ್ಧಕ್ಕೆ ಬಿಟ್ಟ ದೊಡ್ಡ ಹೆಂಗಸರಿಗೆ ಎರಡು ವರ್ಷದಲ್ಲಿ ಓದಿಸಿ ಪರೀಕ್ಷೆಗೆ ಕೂರಿಸುವ ಕೋರ್ಸನ್ನು ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1958ರಲ್ಲಿ ಶುರು ಮಾಡಿತ್ತು. ಮಹಿಳಾ ಸಂಘಗಳಿಗೆ ಅನುದಾನ ಕೊಟ್ಟು ನಡೆಸುತ್ತಿದ್ದರು. ಅದರ ಸುದ್ದಿ ಅಜ್ಜಿಗೆ ಸಿಕ್ಕ ಮೇಲೆ ಬರೆದ ಅರ್ಜಿಯ ನಂಬರು 87. ಅದು ಅಜ್ಜಿಯದೇ ಕೈಬರಹ. ಕಲಿಯುವವರ ಪಟ್ಟಿಯಲ್ಲಿ ಮೊದಲ ಹೆಸರು ದೊಡ್ಡತ್ತೆಯದು. ಅಷ್ಟು ಹೊತ್ತಿಗೆ ಅವರಿಗೆ ಮದುವೆಯಾಗಿ ಒಂದು ಮಗುವೂ ಇತ್ತು. ಮಗುವನ್ನು ಅಜ್ಜಿ ನೋಡಿಕೊಂಡರು. ಎಸ್ಸೆಸ್ಸೆಲ್ಸಿ ಪಾಸಾಯಿತು. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆ ಮುಂದೆ ನಮ್ಮ ಕಡೆಗೂ ಬಂದಾಗ ದೊಡ್ಡತ್ತೆ ಅಂಗನವಾಡಿ ಕಾರ್ಯಕರ್ತೆಯಾದರು. ಗೌರವಧನ ಅಂತ ಕೊಡುತ್ತಿದ್ದದ್ದು ಬಹಳ ಕಮ್ಮಿ. ಆದರೂ ಅದು ಅವರ ಸ್ವಂತ ದುಡ್ಡು. “ಹತ್ತು ವರ್ಷ ತಡ ಆಯ್ತು. ಆಯ್ತಲ್ಲ” ಎಂದರು. ಪುಸ್ತಕದಲ್ಲಿ ಆ ಮಾತನ್ನು ಹಾಗೇ ಹಾಕಿದ್ದೇನೆ. ಅಜ್ಜಿ ಒಮ್ಮೆಯಾದರೂ ಈ ಬಗ್ಗೆ ಮಾತಾಡಿದ್ದರಾ ಎಂದು ಕೇಳಿದೆ. “ಮಾತಾಡಲಿಲ್ಲ. 87 ಬರೆದ್ರಲ್ಲ” ಎಂದರು.

ಪುಸ್ತಕ ಅಚ್ಚಾಗುವ ಕೆಲಸ ಬೇಗ ಮುಗಿಯಿತು. ಡಿ.ಟಿ.ಪಿ. ಮಾಡಿದ ಹುಡುಗ ನಮ್ಮ ಬೀದಿಯವನೇ. ಕರಡು ತಿದ್ದುವಾಗ ಹಿರಿಯರ ಮಾತಿನ ಗ್ರಾಮ್ಯವನ್ನು ಅವನು ಶುದ್ಧ ಮಾಡಿಟ್ಟಿದ್ದ, ಅದನ್ನೆಲ್ಲ ಮೊದಲಿನ ಹಾಗೆ ಮಾಡಿಸಿದೆ. ಒಂದು ಮಾತು ಜ್ಞಾಪಕ ಇರಲಿ. ವೇತನದ ಅರ್ಜಿಗಳಲ್ಲಿ ಬೇರೆಯವರ ಕಷ್ಟಸುಖ, ಮನೆಯ ವಿಷಯ ಇರುತ್ತದೆ. ಅಂಥ ಅರ್ಜಿಗಳ ಚಿತ್ರವನ್ನು ಅಚ್ಚು ಹಾಕಲಿಲ್ಲ. ಬದುಕಿರುವವರನ್ನು ಕೇಳಿ, ಅವರು ಒಪ್ಪಿದ್ದನ್ನು ಮಾತ್ರ ಬರೆದೆವು. ಕೊನೆಯ ನಮೂದು ಕಡೂರು ರೈಲಿನದ್ದು, 2009ರದ್ದು. ಎಷ್ಟೋ ಜನ ಎಷ್ಟೋ ವರ್ಷ ಕೇಳಿದ ರೈಲು ಅದು. 2013ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಬಂದಾಗ ಅಜ್ಜಿಗೆ ಎಂಬತ್ತು. ಕಡೂರಿಗೆ ಹೋಗಿ ಬಂದು ‘ಆಯ್ತು’ ಎಂದು ಬರೆದು, ಟಿಕೆಟ್ಟನ್ನು ಆ ಪುಟಕ್ಕೆ ಅಂಟಿಸಿದ್ದಾರೆ. ಆ ಪುಟದ ಚಿತ್ರವನ್ನೇ ಹಿಂದಿನ ರಟ್ಟಿಗೆ ಹಾಕಿದ್ದೇವೆ.

ತಿಥಿಯ ದಿನ ಊಟ ಮುಗಿಸಿ ಎಲೆ ಅಡಿಕೆ ಜೊತೆ ಪುಸ್ತಕ ಕೊಟ್ಟೆವು. ಕೆಲವರು ಅಲ್ಲೇ ನಿಂತು ತಮ್ಮ ಅಮ್ಮನ, ಅಜ್ಜಿಯ ಸಹಿ ಹುಡುಕುತ್ತಿದ್ದರು. ನಲ್ಲಿಯ ಅರ್ಜಿಯಲ್ಲಿದ್ದ ಹೆಬ್ಬೆಟ್ಟುಗಳಲ್ಲಿ ಒಂದು ಯಾರದ್ದು ಎಂದು ನಮಗೆ ಗೊತ್ತಾಗಿರಲಿಲ್ಲ. ಒಬ್ಬರು ತಮ್ಮ ತಾಯಿಯದು ಎಂದು ಗುರುತಿಸಿ ಹೆಸರು ಬರೆಸಿದರು. ಇನ್ನೊಬ್ಬರು ಮಹಿಳಾ ಮಂಡಳಿಯ ಹಳೆಯ ಗುಂಪು ಫೋಟೊ ತಂದುಕೊಟ್ಟಿದ್ದಾರೆ, ಅದರಲ್ಲಿ ಅಜ್ಜಿ ಹಿಂದಿನ ಸಾಲಿನಲ್ಲಿ ಅರ್ಧ ಮಾತ್ರ ಕಾಣುತ್ತಾರೆ. ಇವೆಲ್ಲ ಎರಡನೇ ಮುದ್ರಣಕ್ಕೆ ಸೇರುತ್ತವೆ. ಕೆಂಪು ಪುಸ್ತಕವೂ ಮೂಲ ಅರ್ಜಿಗಳೂ ಈಗ ದೊಡ್ಡತ್ತೆಯ ಮನೆಯ ಬೀರುವಿನಲ್ಲಿವೆ. ಅಂಗನವಾಡಿಯ ವರ್ಷಗಳ ಬಗ್ಗೆ ಅವರು ತಾವೇ ಬರೆಯೋಕೆ ಶುರು ಮಾಡಿದ್ದಾರೆ. ಈಗಾಗಲೇ ನಲವತ್ತು ಪುಟ ಆಗಿದೆ, ಅದೇ ದುಂಡಗಿನ ಅಕ್ಷರದಲ್ಲಿ.